ಒಂದು ಪಾಯಿಂಟ್ ಎರಡು

ಆ ಬೇಸಿಗೆಯಲ್ಲಿ ನಮ್ಮ ಬೀದಿ ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಎದುರು ಮನೆಯ ಕುಕ್ಕರ್ ಎಷ್ಟನೇ ಸಲ ಕೂಗಿತು ಎಂಬುದು ನಮಗೂ ಗೊತ್ತಾಗುತ್ತಿತ್ತು. ಲಾಕ್‌ಡೌನಿನ ಮೊದಲ ಬೇಸಿಗೆ. ಅತ್ತಿಗುಪ್ಪೆಯ ಕಂಬಗಳ ಮೇಲೆ ಮೆಟ್ರೋ ನಿಂತುಹೋಗಿತ್ತು. ಆಗ ಶಾಲೆಗೆ ಹೋಗುತ್ತಿದ್ದವರಿಗೆ ನೆನಪಿರಬಹುದು: ಪರೀಕ್ಷೆ ಬರೆಯದೆ ಪಾಸಾದ ಖುಷಿ ಕೆಲವು ದಿನ ಇತ್ತು, ಆಮೇಲೆ ಎಲ್ಲ ದಿನವೂ ಭಾನುವಾರವಾಯಿತು. ನಾನು ಎಂಟನೇ ತರಗತಿ ಮುಗಿಸಿದ್ದೆ. ರಸ್ತೆಗಿಳಿಯುವಂತಿರಲಿಲ್ಲವಾದ್ದರಿಂದ ತಾರಸಿಯ ಮೇಲೆ ಒಬ್ಬಳೇ ಗೋಡೆಗೆ ಚೆಂಡು ಹೊಡೆದು ಹಿಡಿಯುತ್ತಿದ್ದೆ. ಗುರಿ ತಪ್ಪಿದ ಚೆಂಡು ಪಕ್ಕದ ಸರೋಜಾ ಆಂಟಿಯ ಕಾಂಪೌಂಡಿಗೆ ಬೀಳುತ್ತಿತ್ತು, ಸಂಜೆಯವರೆಗೆ ವಾಪಸ್ ಬರುತ್ತಿರಲಿಲ್ಲ.

ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ದೊಡ್ಡಪ್ಪ ಇದ್ದರು. ಅಪ್ಪನ ಅಣ್ಣ, ಮದುವೆಯಾಗಿರಲಿಲ್ಲ, ಹೆಸರು ವಿರೂಪಾಕ್ಷಪ್ಪ. ದಾವಣಗೆರೆಯಿಂದ ಕೆಲಸಕ್ಕೆಂದು ಬಂದವರು ನಿವೃತ್ತರಾದ ಮೇಲೂ ಇಲ್ಲೇ ಉಳಿದರು. ಅವರು ಹ್ಯಾಮ್. ಅಂದರೆ ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದು, ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡುವವರು. ಬೆಳಗ್ಗೆ ಸ್ನಾನ, ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ ರೇಡಿಯೋದ ಮುಂದೆ ಕೂರುತ್ತಿದ್ದರು. ಆ ಕೋಣೆಯಲ್ಲಿ ವಿಭೂತಿಯದೂ ಬಿಸಿಯಾದ ಸೆಟ್ಟಿನದೂ ಕೂಡಿದ ಒಂದು ವಾಸನೆ ಇತ್ತು. ಕೆಳಗಿನಿಂದ ಅಮ್ಮ ಮಂಡಕ್ಕಿ ಒಗ್ಗರಣೆ ಹಾಕಿದಾಗ ಹಸಿಮೆಣಸಿನಕಾಯಿಯ ಘಾಟು ಅದಕ್ಕೆ ಸೇರಿ, ಮೈಕಿನಲ್ಲಿ ದೊಡ್ಡಪ್ಪ ಕೆಮ್ಮುತ್ತಿದ್ದರು.

ತಾರಸಿಯ ಮೇಲೆ ಅವರ ಆಂಟೆನಾ. ನಮ್ಮ ನೀರಿನ ಟ್ಯಾಂಕಿಗೆ ಕಟ್ಟಿದ ಒಂದು ಬಿದಿರು, ಅದರ ತುದಿಯಿಂದ ಎರಡು ಕಡೆಗೆ ಇಳಿದ ಎರಡು ತಂತಿ. ನಮ್ಮ ತಾರಸಿ ಚಿಕ್ಕದು. ಹಾಗಾಗಿ ಒಂದು ತಂತಿಯ ತುದಿಯನ್ನು ಸರೋಜಾ ಆಂಟಿಯ ಟ್ಯಾಂಕಿನ ಕಂಬಿಗೆ ಕಟ್ಟಲಾಗಿತ್ತು. ಬಿದಿರಿನ ನೆತ್ತಿಯಿಂದ ದಪ್ಪನೆಯ ಕಪ್ಪು ಕೇಬಲ್ ಇಳಿದು ಕಿಟಕಿಯ ಮೂಲಕ ದೊಡ್ಡಪ್ಪನ ಕೋಣೆಗೆ ಬರುತ್ತಿತ್ತು.

ಮೀಟರು ಬಂದದ್ದು ಆ ವರ್ಷದ ಆರಂಭದಲ್ಲಿ. ಆನ್‌ಲೈನಿನಲ್ಲಿ ತರಿಸಿದ, ಅಂಗೈಯಷ್ಟು ಅಗಲದ ಅಗ್ಗದ ಮಾಲು. ಅದರ ಪುಟ್ಟ ಪರದೆಯಲ್ಲಿ ಹಳದಿ ಗೆರೆಯೊಂದು ಡೊಂಕಾಗಿ ಇಳಿದು ಮತ್ತೆ ಏರುತ್ತಿತ್ತು, ಮೂಲೆಯಲ್ಲಿ ಸಣ್ಣ ಅಂಕಿಗಳು. ದೊಡ್ಡಪ್ಪನಿಗೆ ಆ ಅಂಕಿ ಓದಲು ಭೂತಗನ್ನಡಿ ಬೇಕಾಗುತ್ತಿತ್ತು. ಹಾಗಾಗಿ ಓದುವ ಕೆಲಸ ನನ್ನದಾಯಿತು.

"ಇದು ಏನನ್ನ ಅಳೆಯುತ್ತೆ ದೊಡ್ಡಪ್ಪ?"

"ನೀನು ಗೋಡೆಗೆ ಚೆಂಡು ಹೊಡೀತೀಯಲ್ಲ, ವಾಪಸ್ ಬರ್ತದೆ. ಕಿಟಕಿ ತೆಗೆದಿದ್ರೆ?"

"ಆಚೆ ಹೋಗುತ್ತೆ. ಸರೋಜಾ ಆಂಟಿ ಇಟ್ಕೊಂಡುಬಿಡ್ತಾರೆ."

"ಹಾಂ. ಆಂಟೆನಾ ಅಂದ್ರೆ ಆ ಕಿಟಕಿ. ನಾವು ಕಳಿಸಿದ್ದು ಆಚೆ ಹೋಗ್ಬೇಕು. ಈ ಮೀಟರು ವಾಪಸ್ ಬಂದ ಚೆಂಡು ನೋಡ್ತದೆ. ಏನೂ ವಾಪಸ್ ಬರಲಿಲ್ಲ ಅಂದ್ರೆ ಒಂದು. ಜಾಸ್ತಿ ಬಂದಂಗೆಲ್ಲ ಎರಡು, ಮೂರು, ಹತ್ತು. ಒಂದಕ್ಕೆ ಎಷ್ಟು ಹತ್ರ ಇರ್ತದೋ ಅಷ್ಟು ಒಳ್ಳೇದು."

ನಮ್ಮದು ಒಂದು ಪಾಯಿಂಟ್ ಎಂಟು ತೋರಿಸುತ್ತಿತ್ತು. ದೊಡ್ಡಪ್ಪನಿಗೆ ಅದು ಸಮಾಧಾನ ತಂದಿರಲಿಲ್ಲ. ತಂತಿಯನ್ನು ಒಂದಿಷ್ಟು ಕತ್ತರಿಸುವುದು, ಮತ್ತೆ ಸೇರಿಸುವುದು, ಬಿದಿರನ್ನು ಎತ್ತಿ ಕಟ್ಟುವುದು. ಅವರು ಮೇಲಿನಿಂದ ಕೂಗುವುದು, ನಾನು ಕಿಟಕಿಯಲ್ಲಿ ತಲೆ ಹಾಕಿ ಅಂಕಿ ಹೇಳುವುದು. ಏನು ಮಾಡಿದರೂ ಒಂದು ಪಾಯಿಂಟ್ ಎಂಟು.

ಇನ್ನು ಫಕೀರಪ್ಪನವರ ವಿಷಯ ಹೇಳಬೇಕು. ಅವರು ರಾಣೆಬೆನ್ನೂರಿನವರು, ಸಂಗೀತದ ಮೇಷ್ಟರಾಗಿದ್ದವರು, ಚಿಕ್ಕಂದಿನಿಂದ ಕಣ್ಣು ಕಾಣದು. ಅವರೂ ಹ್ಯಾಮ್. ಪ್ರತಿದಿನ ಬೆಳಗ್ಗೆ ದೊಡ್ಡಪ್ಪ ಮಾತಾಡುತ್ತಿದ್ದದ್ದು ಅವರ ಜೊತೆ. ಇಬ್ಬರೂ ಒಬ್ಬರನ್ನೊಬ್ಬರು ಭೇಟಿಯಾಗಿರಲಿಲ್ಲ. ಫಕೀರಪ್ಪನವರು ಅಂಚೆಯಲ್ಲಿ ಕಳಿಸಿದ್ದ ಕಾರ್ಡೊಂದು ಗೋಡೆಗೆ ಅಂಟಿಸಿತ್ತು, ಅದರಲ್ಲಿ ಅವರ ಫೋನ್ ನಂಬರ್ ಕೂಡ ಇತ್ತು. ಆದರೆ ಇಬ್ಬರೂ ಫೋನ್ ಮಾಡುತ್ತಿರಲಿಲ್ಲ. ಹಾಗೊಂದು ಒಪ್ಪಂದ. ಗಾಳಿಯಲ್ಲಿ ಸಿಕ್ಕವರು ಗಾಳಿಯಲ್ಲೇ ಮಾತಾಡಬೇಕು, ಫೋನ್ ಎತ್ತಿದವನು ಸೋತ ಹಾಗೆ.

ರೇಡಿಯೋದಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳಬೇಕು, ನಡುವೆ ಬಾಯಿ ಹಾಕಲು ಆಗುವುದಿಲ್ಲ. ಮುಗಿದ ಮೇಲೆ "ಓವರ್" ಎನ್ನಬೇಕು. ಜಗಳವನ್ನೂ ಅವರು ಸರದಿಯಲ್ಲೇ ಆಡುತ್ತಿದ್ದರು. ಬೆಂಗಳೂರಿನ ಮಾತಾಡುತ್ತಿದ್ದ ದೊಡ್ಡಪ್ಪ ಮೈಕ್ ಹಿಡಿದ ಕೂಡಲೇ ಊರಿನ ಮಾತಿಗೆ ಹೊರಳುತ್ತಿದ್ದರು.

"ಫಕೀರಪ್ಪನವರ, ಇವತ್ತ ನಿಮ್ಮ ದನಿ ಭರ್ಜರಿ ಐತಿ. ಐದು, ಎಂಟು. ಓವರ್."

"ಎಂಟು ಯಾಕ್ರಿ, ಒಂಬತ್ತು ಕೊಟ್ರ ನಿಮ್ಮ ಗಂಟೇನು ಹೋಗ್ತಿತ್ತು? ಓವರ್."

ಐದು ಒಂಬತ್ತು ಎಂದರೆ ದನಿ ಪೂರ್ತಿ ಸ್ಪಷ್ಟ, ಪೂರ್ತಿ ಜೋರು. ಹ್ಯಾಮ್‌ಗಳು ಸೌಜನ್ಯಕ್ಕೆ ಎಲ್ಲರಿಗೂ ಅದನ್ನೇ ಹೇಳಿಬಿಡುತ್ತಾರೆ. ದೊಡ್ಡಪ್ಪ ಹೇಳುತ್ತಿರಲಿಲ್ಲ. ಕೇಳಿಸಿದ್ದಷ್ಟೇ ಹೇಳುತ್ತಿದ್ದರು. ಫಕೀರಪ್ಪನವರು ಒಮ್ಮೆ ಹೇಳಿದ ಮಾತು ನನಗೆ ಹಾಗೇ ನೆನಪಿದೆ: "ಉಳದೋರೆಲ್ಲ ನನಗ ಐದು ಒಂಬತ್ತು ಅಂತಾರ್ರಿ. ಕುರುಡಗ ಯಾಕ ನೋವು ಮಾಡೂದು ಅಂತ. ನೀವೊಬ್ರು ಖರೆ ಹೇಳ್ತೀರಿ. ಮೀಟರ್ ನೋಡಾಕ ನನಗ ಕಣ್ಣಿಲ್ಲ, ನೀವ ನನ್ನ ಮೀಟರು. ಓವರ್."

ಏಪ್ರಿಲಿನಲ್ಲಿ ಒಂದು ಸಂಜೆ ಗುಡುಗಿ ಮಳೆ ಬಂತು. ಮರುದಿನವೂ ಬಂತು. ಅದರ ಮರುದಿನ ಬೆಳಗ್ಗೆ ಮೀಟರನ್ನು ಕೇಬಲ್ಲಿಗೆ ಸಿಕ್ಕಿಸಿ ಓದಿದೆ. ಒಂದು ಪಾಯಿಂಟ್ ಎರಡು.

ದೊಡ್ಡಪ್ಪ ಭೂತಗನ್ನಡಿ ತಂದು ತಾವೇ ನೋಡಿದರು. ಮೀಟರ್ ಆರಿಸಿ ಮತ್ತೆ ಹಚ್ಚಿದರು. ಒಂದು ಪಾಯಿಂಟ್ ಎರಡು. ಕೆಳಗೆ ಹೋಗಿ ಅಮ್ಮನಿಗೆ ಹೇಳಿದರು. ಅಮ್ಮ "ಒಳ್ಳೇದಾ ಕೆಟ್ಟದ್ದಾ ಭಾವ?" ಎಂದು ಕೇಳಿದರು. "ಲಕ್ಷಕ್ಕೊಂದು" ಎಂದರು ದೊಡ್ಡಪ್ಪ. ಆಂಟೆನಾವನ್ನು ಯಾರೂ ಮುಟ್ಟಿರಲಿಲ್ಲ. ಯಾರೂ ಮುಟ್ಟದೆ ಅದು ಹೇಗೆ ಸುಧಾರಿಸಿತು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಇನ್ನೊಂದು ಬದಲಾವಣೆಯೂ ಇತ್ತು. ಮೊದಲು ರೇಡಿಯೋದಲ್ಲಿ ಸದಾ ಒಂದು ಕರಕರ ಸದ್ದು ಇರುತ್ತಿತ್ತು, ಅಕ್ಕಿ ಕೇರಿದ ಹಾಗೆ. ಮೆಟ್ರೋ ಹೋದಾಗಲೆಲ್ಲ ಅದು ಜೋರಾಗುತ್ತಿತ್ತು. ಲಾಕ್‌ಡೌನ್ ಆದ ಮೇಲೆ ಸ್ವಲ್ಪ ತಗ್ಗಿತ್ತು. ಈಗ ಹೆಚ್ಚುಕಡಿಮೆ ನಿಂತೇಹೋಗಿತ್ತು. "ನೋಡು, ರಾಜಾಜಿನಗರದ ಕಾರ್ಖಾನೆ ಮಷೀನ್ ಎಲ್ಲ ಬಂದ್, ಮೆಟ್ರೋ ಬಂದ್. ಊರು ಸುಮ್ಮನಾದ್ರೆ ಗಾಳಿನೂ ಎಷ್ಟು ಶುದ್ಧ ಆಗ್ತದೆ" ಎಂದು ದೊಡ್ಡಪ್ಪ ನನಗೆ ತೋರಿಸಿದರು. ನಾನು ಕಿವಿ ಇಟ್ಟು ಕೇಳಿದೆ. ನಿಜಕ್ಕೂ ತಣ್ಣಗಿತ್ತು.

ಆ ದಿನವೇ ಫಕೀರಪ್ಪನವರ ದನಿ ಬಾವಿಯೊಳಗಿಂದ ಬಂದಂತೆ ಸಣ್ಣಗೆ ಕೇಳಿಸಿತು.

"ಫಕೀರಪ್ಪನವರ, ಇವತ್ತ ಮೂರು, ಮೂರು. ನಿಮ್ಮ ಆಂಟೆನಾಕ್ಕ ಏನೋ ಆಗೇತಿ. ನೋಡಸ್ರಿ. ಓವರ್."

"ಇಲ್ಲಿ ಮಳಿ ಇಲ್ಲ, ಗಾಳಿ ಇಲ್ಲ. ಏನಾಗ್ತೈತ್ರಿ? ನೀವೂ ಸಣ್ಣಗ ಬರಾಕತ್ತೀರಿ. ಓವರ್."

"ನನ್ನ ಮೀಟರು ಒಂದು ಪಾಯಿಂಟ್ ಎರಡು ತೋರಸ್ತೈತಿ. ನನ್ನ ಕಡೆ ಕ್ಲೀನ್. ಓವರ್."

ಫಕೀರಪ್ಪನವರು ಮಗನನ್ನು ಮಾಳಿಗೆ ಹತ್ತಿಸಿದರು. ಮಗ ಗಂಟುಗಳನ್ನೆಲ್ಲ ಬಿಗಿ ಮಾಡಿದ. ಮರುದಿನ ದೊಡ್ಡಪ್ಪ ಕೇಳಿ, ಮೂರು, ಮೂರು ಎಂದರು. ಮಗ ಮತ್ತೆ ಹತ್ತಿ ತಂತಿಯನ್ನೇ ಬದಲಾಯಿಸಿದ. ದೊಡ್ಡಪ್ಪ, ಇನ್ನೂ ಇಳಿದಿದೆ, ಎರಡು, ಎರಡು ಎಂದರು. ಸುಳ್ಳು ಹೇಳುವ ಸ್ವಭಾವ ಅವರದಲ್ಲ. ಕೇಳಿಸಿದ್ದನ್ನು ಹೇಳಿದರು.

ಕೊನೆಯ ಮಾತುಕತೆಯ ದಿನ ನಾನು ಅಲ್ಲೇ ನೆಲದ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದೆ. ಫಕೀರಪ್ಪನವರ ದನಿ ಬಂದು ಬಂದು ಹೋಗುತ್ತಿತ್ತು.

"ಮಗ ಇನ್ನ ಹತ್ತಾಂಗಿಲ್ಲ ಅಂತಾನ್ರಿ. ಬಿಸಲಾಗ ಎಷ್ಟ ಸಲ ಹತ್ತಲಿ ಅಂತಾನ. ಉಳದೋರು ಸರಿ ಐತಿ ಅಂತಾರ. ನೀವು ಇಲ್ಲ ಅಂತೀರಿ. ನಾ ಯಾರನ್ನ ನಂಬ್ಲಿ? ಓವರ್."

"ಮೀಟರ್ ನಂಬ್ರಿ. ಓವರ್."

ಅದಕ್ಕೆ ಉತ್ತರವಾಗಿ ಏನೋ ಕೇಳಿಸಿತು, ಪದಗಳು ತಿಳಿಯಲಿಲ್ಲ. ಮರುದಿನ ದೊಡ್ಡಪ್ಪ ಕರೆದರು, ಆ ಕಡೆಯಿಂದ ಏನೂ ಇಲ್ಲ. ಅದರ ಮರುದಿನವೂ ಇಲ್ಲ. ಪ್ರತಿ ಬೆಳಗ್ಗೆ ಮೊದಲು ಮೀಟರ್ ಓದಿಸುತ್ತಿದ್ದರು, ಆಮೇಲೆ ಕರೆಯುತ್ತಿದ್ದರು.

"ಫೋನ್ ಮಾಡಿ ದೊಡ್ಡಪ್ಪ. ಹುಷಾರಿಲ್ವೋ ಏನೋ."

"ಹುಷಾರಿಲ್ದೇ ಏನು, ಸಿಟ್ಟು. ಕೇಳಿಸ್ತಾ ಇದೆ, ಮಾತಾಡ್ತಿಲ್ಲ. ನನ್ನ ಸಿಗ್ನಲ್ ಚೆನ್ನಾಗೇ ಮುಟ್ತಾ ಇದೆ, ಮೀಟರೇ ಹೇಳ್ತಿದೆಯಲ್ಲ. ಖರೆ ಹೇಳಿದ್ದಕ್ಕೆ ಮುನಿಸು."

"ಆದ್ರೂ ಒಂದ್ ಸಲ..."

"ಫೋನ್ ಬೇಡ. ಅವರೇ ಬರ್ಲಿ."

ಆಗ ಅವರ ಮುಖದಲ್ಲಿ ದುಃಖ ಕಾಣಿಸಲಿಲ್ಲ. ಸರಿಯಾಗಿದ್ದೇನೆ ಎಂದು ಗೊತ್ತಿರುವವರ ಗಂಭೀರತೆ ಇತ್ತು.

ಮೇ ತಿಂಗಳಿನ ಒಂದು ಬೆಳಗ್ಗೆ ಸರೋಜಾ ಆಂಟಿ ತಮ್ಮ ತಾರಸಿಯಿಂದ ಕೂಗಿದರು. ಹಿಂದಿನ ಸಂಜೆ ಜೋರು ಗಾಳಿ ಬೀಸಿತ್ತು.

"ಮೇಘಾ! ಏ ಮೇಘಾ! ಬಾರೇ ಇಲ್ಲಿ. ನೋಡು ನಿಮ್ಮ ದೊಡ್ಡಪ್ಪನ ತಂತಿ ಅವಸ್ಥೆ. ಗಾಳಿಪಟದ ಬಾಲಂಗೋಚಿ ಹಾಗೆ ನೇತಾಡ್ತಾ ಇತ್ತು, ಈಗ ನನ್ನ ಸಂಡಿಗೆ ಮೇಲೇ ಬಂದು ಮಲ್ಕೊಂಡಿದೆ ಕಣೇ!"

ನಾನು ಓಡಿದೆ. ಬಿದಿರಿನ ನೆತ್ತಿ ಮುರಿದಿತ್ತು. ಎರಡೂ ತಂತಿಗಳು ಕೇಬಲ್ಲಿನಿಂದ ಕಳಚಿಕೊಂಡಿದ್ದವು. ಒಂದು ನಮ್ಮ ತಾರಸಿಯ ನೆಲದ ಮೇಲೆ ಬಿದ್ದಿತ್ತು. ಇನ್ನೊಂದು ಆಂಟಿಯ ಬಿಳಿ ಪಂಚೆಯ ಮೇಲೆ ಸಾಲಾಗಿ ಇಟ್ಟ ಹಸಿ ಸಂಡಿಗೆಯ ನಡುವೆ ಹಾದು ಗೆರೆ ಎಳೆದಿತ್ತು. ಕೇಬಲ್ಲಿನ ತುದಿ ಮಾತ್ರ, ಯಾವುದಕ್ಕೂ ತಾಗದೆ, ಮುರಿದ ಬಿದಿರಿನಿಂದ ತೂಗುತ್ತಿತ್ತು. ನಾನು ಕಿಟಕಿಯ ಕಡೆಗೆ ಬಗ್ಗಿ ಕೂಗಿದೆ.

"ದೊಡ್ಡಪ್ಪಾ, ಆಂಟೆನಾ ಬಿದ್ದಿದೆ!"

ಒಳಗಿನಿಂದ ಉತ್ತರ ಬಂತು. "ಇಲ್ಲ ಬಿಡು. ಈಗಷ್ಟೇ ನೋಡಿದೆ. ಒಂದು ಪಾಯಿಂಟ್ ಮೂರು."

"ಅಯ್ಯೋ, ಬಿದ್ದಿದೆ. ಎರಡೂ ತಂತಿ ಕೆಳಗಿವೆ."

"ಬಿದ್ದಿದ್ರೆ ಮೀಟರ್ ಹತ್ತು, ಇಪ್ಪತ್ತು ತೋರಿಸ್ಬೇಕಿತ್ತು. ಇನ್ಯಾರದ್ದೋ ಕೇಬಲ್ ಟೀವಿ ವಯರ್ ಇರ್ಬೇಕು, ಸರಿಯಾಗಿ ನೋಡು."

"ರೀ ವಿರೂಪಾಕ್ಷಪ್ಪನೋರೇ," ಎಂದರು ಸರೋಜಾ ಆಂಟಿ, ಎರಡು ಬೆರಳಲ್ಲಿ ತಂತಿ ಎತ್ತಿ ಹಿಡಿದು, ಅವರಿಗೆ ಕಾಣುವುದಿಲ್ಲ ಎಂದು ಗೊತ್ತಿದ್ದರೂ. "ಮೀಟರ್ ಆಮೇಲೆ ನೋಡೋರಂತೆ. ಸಂಡಿಗೆ ಬಂದು ನೋಡಿ ಮೊದ್ಲು!"

ದೊಡ್ಡಪ್ಪ ತಾರಸಿಗೆ ಬಂದರು. ಕಳಚಿದ ಕೇಬಲ್ ತುದಿಯನ್ನು ಕೈಯಲ್ಲಿ ಹಿಡಿದು ನೋಡಿದರು. ಕೋಣೆಗೆ ಹೋಗಿ ಮೀಟರ್ ನೋಡಿದರು. ಮತ್ತೆ ತಾರಸಿಗೆ ಬಂದರು. ಮತ್ತೆ ಹೋದರು. ನಾನೂ ಹಿಂದೆ ಹೋಗಿ ನೋಡಿದೆ. ಆಂಟೆನಾ ಇಲ್ಲ, ಮೀಟರು ಒಂದು ಪಾಯಿಂಟ್ ಮೂರು ಎನ್ನುತ್ತಿದೆ.

ಆಮೇಲೆ ಅವರು ಚಾಕು ತಂದು ಕೇಬಲ್ಲಿನ ಕಪ್ಪು ಸಿಪ್ಪೆಯನ್ನು ಉದ್ದಕ್ಕೆ ಸೀಳಿದರು. ಒಳಗೆ ಹೊಳೆಯಬೇಕಿದ್ದ ತಾಮ್ರದ ಜಾಳಿಗೆ ಹಸಿರು ಕಿಲುಬು ಹಿಡಿದಿತ್ತು, ಕೆಲವು ಕಡೆ ಕಪ್ಪಗಾಗಿತ್ತು. ಬಗ್ಗಿಸಿದಾಗ ನೀರು ತೊಟ್ಟಿಕ್ಕಿತು. ಮೇಲಿನ ಗಂಟಿಗೆ ಸುತ್ತಿದ್ದ ಟೇಪನ್ನು ಬಿಸಿಲು ಒಡೆದಿತ್ತೋ ಕಾಗೆ ಕುಕ್ಕಿತ್ತೋ, ಏಪ್ರಿಲಿನ ಮಳೆ ಅಲ್ಲಿಂದ ಇಳಿದು ಕೇಬಲ್ ಪೂರ್ತಿ ತುಂಬಿಕೊಂಡಿತ್ತು.

"ಕೆಸರಿಗೆ ಹೊಡೆದ ಚೆಂಡೂ ವಾಪಸ್ ಬರಲ್ಲ," ಎಂದರು ದೊಡ್ಡಪ್ಪ. ನನಗೆ ಹೇಳಿದ್ದಲ್ಲ ಅದು.

ಸ್ವಲ್ಪ ಹೊತ್ತಿನ ನಂತರ ನಾನು ಅರ್ಥ ಮಾಡಿಕೊಂಡದ್ದು ಇಷ್ಟು. ಕಳಿಸಿದ್ದನ್ನೆಲ್ಲ ಕೇಬಲ್ಲೇ ನುಂಗುತ್ತಿತ್ತು. ವಾಪಸ್ ಬರಲು ಏನೂ ಉಳಿಯುತ್ತಿರಲಿಲ್ಲ, ಅದಕ್ಕೇ ಮೀಟರು ಅಷ್ಟು ಚೆನ್ನಾಗಿ ತೋರಿಸಿತು. ಆ ಕಡೆಯಿಂದ ಬಂದದ್ದನ್ನೂ ಅದೇ ನುಂಗುತ್ತಿತ್ತು. ಕರಕರ ಸದ್ದು ನಿಂತದ್ದಕ್ಕೆ ಊರು ಸುಮ್ಮನಾದದ್ದಷ್ಟೇ ಕಾರಣವಲ್ಲ, ನಾವೇ ಕಿವುಡಾಗಿದ್ದೆವು.

ದೊಡ್ಡಪ್ಪ ಟ್ಯಾಂಕಿನ ನೆರಳಲ್ಲಿ ಕೂತರು. ಚಾಕುವನ್ನು ಪಕ್ಕಕ್ಕೆ ಇಟ್ಟರು. "ಅವರ ಮಗ ಆ ಬಿಸಿಲಲ್ಲಿ ಹತ್ತಿದ್ನಲ್ಲ," ಎಂದರು. ಸರೋಜಾ ಆಂಟಿಗೆ ವಿಷಯ ಗೊತ್ತಿರಲಿಲ್ಲ, ಆದರೂ ಸಂಡಿಗೆಯ ಮಾತು ನಿಲ್ಲಿಸಿದರು. ಒಳಗೆ ಹೋಗಿ, ಅವರ ಮನೆಯ ಹಳೆಯ ಕೇಬಲ್ ಟೀವಿಯ ವಯರಿನ ಸುರುಳಿ ತಂದು ಗೋಡೆಯ ಮೇಲಿಟ್ಟರು. "ಅಂಗಡಿ ಎಲ್ಲ ಮುಚ್ಚಿದೆ. ಇದು ಆಗುತ್ತಾ ನೋಡಿ. ನಾವೀಗ ಡಿಶ್ ಹಾಕಿಸ್ಕೊಂಡಿದೀವಿ."

ಆಯಿತು. ಸಂಜೆಯೊಳಗೆ ಬಿದಿರು ಕಟ್ಟಿ, ಹೊಸ ವಯರ್ ಇಳಿಸಿದೆವು. ಮೀಟರ್ ಓದಿದೆ. ಎರಡಕ್ಕೂ ಸ್ವಲ್ಪ ಹೆಚ್ಚು. ಈ ಸಲ ದೊಡ್ಡಪ್ಪ ಭೂತಗನ್ನಡಿ ತರಲಿಲ್ಲ. ಸೆಟ್ ಹಚ್ಚಿದಾಗ ಕರಕರ ಸದ್ದು ಕೋಣೆ ತುಂಬಿತು, ಅದರ ಮೇಲೆ ಎಲ್ಲೆಲ್ಲಿಯದೋ ದನಿಗಳು. ಅಷ್ಟು ದಿನ ಅವೆಲ್ಲ ಅಲ್ಲೇ ಇದ್ದವು.

ಮರುದಿನ ಬೆಳಗ್ಗೆ ದೊಡ್ಡಪ್ಪ ಫಕೀರಪ್ಪನವರನ್ನು ಕರೆದರು. ಮತ್ತೆ ಕರೆದರು. ಮೂರನೆಯ ಸಲ ಬೇರೆ ದನಿ ಉತ್ತರಿಸಿತು. ಶಿರಸಿಯ ಕಡೆಯ ಒಬ್ಬ ಹ್ಯಾಮ್.

"ವಿರೂಪಾಕ್ಷಪ್ಪನವರಾ? ಎಷ್ಟು ದಿನ ಆಯ್ತು ಮಾರಾಯ್ರೇ ನಿಮ್ಮ ದನಿ ಕೇಳಿ. ಫಕೀರಪ್ಪನವರು ನಿಮ್ಮನ್ನ ದಿನಾ ಕರೀತಿದ್ರು. ಉತ್ತರ ಇಲ್ಲ ಅಂತ ಹೋದ ವಾರ ಸೆಟ್ಟೇ ಕೊಟ್ಟುಬಿಟ್ರಂತೆ, ಊರಿನ ಯಾರೋ ಕಾಲೇಜು ಹುಡುಗನಿಗೆ. ಓವರ್."

ದೊಡ್ಡಪ್ಪ ಮೈಕ್ ಕೆಳಗಿಟ್ಟರು. ಎದ್ದು ಗೋಡೆಯ ಮೇಲಿನ ಕಾರ್ಡ್ ಕಿತ್ತರು. "ನಂಬರ್ ಓದು" ಎಂದರು. ನಾನು ಓದಿದೆ, ಅವರು ಒತ್ತಿದರು. ಸ್ಪೀಕರ್ ಹಾಕಿದರು. ಸೊಸೆ ಎತ್ತಿದರು. "ಅದಾರ್ರಿ, ಕೊಡ್ತೀನಿ" ಎಂದರು.

"ಹಲೋ," ಎಂದರು ಫಕೀರಪ್ಪನವರು.

"ಫಕೀರಪ್ಪನವರ, ನಾನು ವಿರೂಪಾಕ್ಷಪ್ಪ."

ಆಮೇಲೆ ಏನೂ ಇಲ್ಲ. ಇವರು ಅವರಿಗಾಗಿ ಕಾದರು. ಅವರು ಇವರಿಗಾಗಿ ಕಾದರು. ಆ ಕಡೆ ಸೊಸೆಯ ದನಿ ಕೇಳಿಸಿತು, "ಮಾತಾಡ್ರಿ ಮಾವಾರ, ಯಾಕ ಸುಮ್ಮ ಕುಂತೀರಿ?" ಆಗ ದೊಡ್ಡಪ್ಪನಿಗೆ ಹೊಳೆಯಿತು.

"ಓವರ್," ಎಂದರು.

ಫಕೀರಪ್ಪನವರು ನಕ್ಕರು. ಅವರ ದನಿ ಅಷ್ಟು ಹತ್ತಿರದಲ್ಲಿ, ಕರಕರವಿಲ್ಲದೆ, ನಾನು ಕೇಳಿದ್ದು ಅದೇ ಮೊದಲು. ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಮುಪ್ಪಾದ ದನಿ.

"ಹೇಳ್ರಿ. ಸೋತ್ರಿ ನೀವು. ಫೋನ್ ಮಾಡೀರಿ. ಓವರ್."

"ಸೋತೆ. ತಪ್ಪು ನಂದು. ನನ್ನ ಕೇಬಲ್ ನೀರು ಕುಡಿದಿತ್ತು. ನಿಮ್ಮ ಆಂಟೆನಾ ಸರಿ ಇತ್ತು. ಮೊದಲಿನಿಂದಲೂ ಸರಿ ಇತ್ತು. ಓವರ್."

"ಹಂಗಾರ ನಾ ಸರಿ ಇದ್ನಿ," ಎಂದರು ಫಕೀರಪ್ಪನವರು. ಓವರ್ ಎನ್ನಲಿಲ್ಲ.

"ನನ್ನ ಹತ್ರ ಹಳೇದೊಂದು ಸೆಟ್ ಐತಿ. ಬಸ್ಸು ಬಿಟ್ ಕೂಡ್ಲೇ ಕಳಸ್ತೀನಿ. ಓವರ್."

"ಬ್ಯಾಡ್ರಿ. ಕಂಬನೂ ಇಳಿಸೇವಿ. ಆ ತಂತಿ ಅಂಗಳದಾಗ ಕಟ್ಯಾರ, ಸೊಸಿ ಅರಬಿ ಒಣಹಾಕ್ತಾಳ. ಚೊಲೋ ತಂತಿ ಅದು." ಆಮೇಲೆ ಹೇಳಿದರು, "ಸಿಟ್ಟಿಲ್ರಿ. ನಿಮ್ಮ ಮಾತು ನಂಬಿದ್ನಿ, ಅಷ್ಟ. ನೀವು ಯಾವತ್ತೂ ಸುಳ್ಳು ಹೇಳಿದವರಲ್ಲ."

ಆಮೇಲೆ ಅವರಿಬ್ಬರೂ ಭಾನುವಾರಗಳಲ್ಲಿ ಫೋನಿನಲ್ಲಿ ಮಾತಾಡಿದರು. ಒಟ್ಟಿಗೇ ಮಾತು ಶುರುಮಾಡಿ ಇಬ್ಬರೂ ನಿಲ್ಲಿಸುತ್ತಿದ್ದರು. ಊಟ ಆಯಿತಾ, ಬಿಸಿಲು ಹೇಗಿದೆ ಎಂದು ಕೇಳಿ ಮುಗಿಸುತ್ತಿದ್ದರು. ಬರಬರುತ್ತ ಭಾನುವಾರದ ಕರೆ ಹಬ್ಬಕ್ಕೊಮ್ಮೆಯ ಕರೆಯಾಯಿತು. ಎರಡು ವರ್ಷದ ಹಿಂದೆ ಫಕೀರಪ್ಪನವರು ತೀರಿಕೊಂಡರು. ಸೊಸೆ ಫೋನ್ ಮಾಡಿ ತಿಳಿಸಿದರು.

ನಾನೀಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಹಾಸ್ಟೆಲಿನಲ್ಲಿದ್ದೇನೆ. ಮೆಟ್ರೋ ಕೆಂಗೇರಿಯಾಚೆಗೂ ಓಡುತ್ತಿದೆ. ಸರೋಜಾ ಆಂಟಿಯ ಮನೆ ಒಡೆದು ಅಪಾರ್ಟ್‌ಮೆಂಟ್ ಕಟ್ಟಿದ್ದಾರೆ, ಅಲ್ಲಿಯವರಿಗೆ ನಮ್ಮ ಗುರುತಿಲ್ಲ. ತಂತಿಯ ಆ ತುದಿಯನ್ನು ಕಟ್ಟಲು ಈಗ ಜಾಗವಿಲ್ಲ. ತಾರಸಿಯಲ್ಲಿ ಯಾರೂ ಸಂಡಿಗೆ ಇಡುವುದಿಲ್ಲ, ಯಾರೂ ಕೂಗಿ ಕರೆಯುವುದಿಲ್ಲ. ಮೀಟರು ನನ್ನ ಬಳಿ ಇದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಲ್ಯಾಬಿನಲ್ಲಿ ಯಾವುದೇ ಕೇಬಲ್ಲಿನ ರೀಡಿಂಗ್ ತೀರಾ ಚೆನ್ನಾಗಿ ಬಂದರೆ ನಾನು ಮೊದಲು ಅದರ ಆ ಕಡೆಯ ತುದಿ ಬಿಚ್ಚಿ ನೋಡುತ್ತೇನೆ. ಜೊತೆಯವರು ನಗುತ್ತಾರೆ.

ವಾರಕ್ಕೊಮ್ಮೆ ದೊಡ್ಡಪ್ಪನಿಗೆ ಫೋನ್ ಮಾಡುತ್ತೇನೆ. ಅವರು ಒಂದು ಮಾತು ಹೇಳಿ ಈಗಲೂ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಬೇರೆಯವರು ಲೈನ್ ಹೋಯಿತೆಂದು ಹಲೋ ಹಲೋ ಎನ್ನುತ್ತಾರೆ. ನಾನು ಕಾಯುತ್ತೇನೆ.

"ಹೇಗಿದೀರಿ ದೊಡ್ಡಪ್ಪ?" ಎಂದು ಕೇಳಿದರೆ, ಸಾಮಾನ್ಯವಾಗಿ ಮಂಡಿನೋವು, ಎದುರಿನ ರಸ್ತೆ ಅಗೆದದ್ದು, ಅಮ್ಮ ಉಪ್ಪು ಕಡಿಮೆ ಹಾಕುವುದು, ಎಲ್ಲ ಬರುತ್ತದೆ. ಆಗ ನನಗೆ ಚಿಂತೆಯಿಲ್ಲ. ಕೆಲವೊಮ್ಮೆ ಮಾತ್ರ ಬೇರೇನೂ ಹೇಳದೆ, "ಭರ್ಜರಿ ಕಣವ್ವ. ಒಂದು ಪಾಯಿಂಟ್ ಎರಡು," ಎನ್ನುತ್ತಾರೆ. ಪಕ್ಕದಲ್ಲಿರುವ ಅಮ್ಮನಿಗೆ ಅದು ಒಳ್ಳೆಯ ಸುದ್ದಿಯಂತೆಯೇ ಕೇಳಿಸುತ್ತದೆ.

ಅಂಥ ದಿನ ನಾನು ಮೆಟ್ರೋ ಹತ್ತಿ ಮನೆಗೆ ಹೋಗುತ್ತೇನೆ.